ಕೆರೆಯ ಹೈಡ್ರಾದಿಂದ ಕಡಲ ನಕ್ಷತ್ರದವರೆಗೆ: ಅರೀಯ ಸಮಮಿತಿಯ ಪ್ರಾಣಿಗಳನ್ನು ಗುರುತಿಸಿ ವರ್ಗೀಕರಿಸುವ ಸಮಗ್ರ ಮಾರ್ಗದರ್ಶಿ

ಪ್ರಥಮ ಪಿಯುಸಿಯಲ್ಲಿ ಪ್ರಾಣಿ ಸಾಮ್ರಾಜ್ಯದ ಪಾಠ ಬಂದಾಗ ಮಕ್ಕಳು ಒಂದು ಸಾಲನ್ನು ಬಾಯಿಪಾಠ ಮಾಡಿಬಿಡುತ್ತಾರೆ: ಸೀಲೆಂಟರೇಟ, ಟೀನೊಫೋರ, ಎಕೈನೊಡರ್ಮೇಟ, ಈ ಮೂರಕ್ಕೂ ಅರೀಯ ಸಮಮಿತಿ. ಸೀಲೆಂಟರೇಟ ಅಂದರೆ ಹೈಡ್ರಾ, ಲೋಳೆಮೀನು, ಹವಳದ ಬಳಗ, ಟೀನೊಫೋರ ಅಂದರೆ ಮೈಮೇಲೆ ಬಾಚಣಿಗೆ ಸಾಲಿರುವ ಕಡಲ ಜೀವಿಗಳು, ಎಕೈನೊಡರ್ಮೇಟ ಅಂದರೆ ಕಂಟಕಚರ್ಮಿಗಳು, ನಕ್ಷತ್ರ ಮೀನಿನ ಬಳಗ. ಅರೀಯ ಸಮಮಿತಿ ಅಂದರೆ ಗಾಡಿ ಚಕ್ರದಂಥ ದೇಹವಿನ್ಯಾಸ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಒಂದು ಸಾಲಿನಿಂದ, ಈ ಮೂರೂ ಹತ್ತಿರದ ನೆಂಟರು ಅನ್ನೋ ಭಾವನೆ ತಲೆಯಲ್ಲಿ ಕೂತುಬಿಡುತ್ತದೆ. ಅದು ನಿಜ ಅಲ್ಲ. ನಕ್ಷತ್ರ ಮೀನಿಗೆ ಲೋಳೆಮೀನಿಗಿಂತ ಮನುಷ್ಯನೇ ಹತ್ತಿರದ ಸಂಬಂಧಿ. ದುಂಡಗಿದ್ದ ಮಾತ್ರಕ್ಕೆ ಒಂದೇ ವಂಶ ಆಗುವುದಿಲ್ಲ. ಸಮಮಿತಿ ಅನ್ನೋದು ವರ್ಗೀಕರಣದಲ್ಲಿ ನಾವು ಕೇಳುವ ಮೊದಲ ಪ್ರಶ್ನೆ. ಕೊನೆಯ ಉತ್ತರ ಅಲ್ಲ.

ಇದನ್ನು ಕಲಿಯಲು ಕಡಲ ತೀರಕ್ಕೇ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯಲ್ಲಿ ಕೆರೆಗಳಿಗೆ ಬರವಿಲ್ಲ, ಮತ್ತು ಅರೀಯ ಸಮಮಿತಿಯ ಪ್ರಾಣಿಗಳಲ್ಲಿ ಒಂದು ಸಿಹಿನೀರಿನಲ್ಲೇ ಬದುಕುತ್ತದೆ. ಅದೇ ಹೈಡ್ರಾ. ಅದನ್ನು ಕಣ್ಣಾರೆ ನೋಡಿ, ಅಲ್ಲಿಂದ ಉಳಿದವಕ್ಕೆ ಹೋಗೋಣ. ಬೇಕಾಗುವ ಸಾಮಾನು ಕಡಿಮೆ: ಅಗಲ ಬಾಯಿಯ ಎರಡು ಗಾಜಿನ ಬಾಟಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಡ್ರಾಪರ್, ಪೆನ್ಸಿಲ್, ನೋಟ್‌ಬುಕ್. ಕಾಲೇಜಿನ ಮೈಕ್ರೊಸ್ಕೋಪ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದದ ಮೈಕ್ರೊಸ್ಕೋಪ್ ಫೋಲ್ಡ್‌ಸ್ಕೋಪ್ ಕೂಡ ನಡೆಯುತ್ತದೆ.

ಹಂತ 1: ಸಮಮಿತಿಯನ್ನು ಪರೀಕ್ಷಿಸುವುದು ಕಲಿಯಿರಿ

ಯಾವುದೇ ಪ್ರಾಣಿ ಎದುರಿಗೆ ಬಂದರೂ ಮೊದಲು ಅದರ ಬಾಯಿ ಎಲ್ಲಿದೆ ಅಂತ ಹುಡುಕಿ. ಬಾಯಿಯಿಂದ ಅದರ ವಿರುದ್ಧ ತುದಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಅದು ಅಕ್ಷ. ಈಗ ಎರಡು ಪರೀಕ್ಷೆ ಮಾಡಿ.

ಮೊದಲನೆಯದು ಸೀಳುವ ಪರೀಕ್ಷೆ. ನಿಜವಾಗಿ ಸೀಳಬೇಡಿ, ಊಹಿಸಿಕೊಂಡರೆ ಸಾಕು. ಆ ಅಕ್ಷದ ಮೂಲಕ ಹಾದುಹೋಗುವಂತೆ ಎಷ್ಟು ಕಡೆಯಿಂದ ಸೀಳಿದರೆ ಎರಡು ಸಮಭಾಗ ಸಿಗುತ್ತದೆ? ನಾಯಿ, ಜಿರಳೆ, ಎರೆಹುಳು, ನಾವು, ಇವಕ್ಕೆಲ್ಲ ಒಂದೇ ಒಂದು ದಾರಿ. ಅದು ದ್ವಿಪಾರ್ಶ್ವ ಸಮಮಿತಿ. ಗಾಡಿ ಚಕ್ರದ ಹಾಗೆ ಹಲವು ಕಡೆಯಿಂದ ಸೀಳಿದರೂ ಸಮಭಾಗ ಬಂದರೆ ಅದು ಅರೀಯ ಸಮಮಿತಿ.

ಎರಡನೆಯದು ತಿರುಗಿಸುವ ಪರೀಕ್ಷೆ. ಪ್ರಾಣಿಯನ್ನು ಅಕ್ಷದ ಸುತ್ತ ಒಂದು ಪೂರ್ತಿ ಸುತ್ತು ತಿರುಗಿಸಿದರೆ, ಮೊದಲಿದ್ದ ಹಾಗೇ ಎಷ್ಟು ಸಲ ಕಾಣುತ್ತದೆ? ಔರೇಲಿಯ ಅನ್ನೋ ಚಂದ್ರ ಲೋಳೆಮೀನನ್ನು ಮೇಲಿನಿಂದ ನೋಡಿದರೆ ಕುದುರೆ ಲಾಳದಾಕಾರದ ನಾಲ್ಕು ಜನನಾಂಗಗಳು ಕಾಣುತ್ತವೆ. ಹಾಗಾಗಿ ಅದರ ಉತ್ತರ ನಾಲ್ಕು. ನಕ್ಷತ್ರ ಮೀನಿಗೆ ಐದು. ಹವಳಗಳಲ್ಲಿ ಒಂದು ಗುಂಪಿಗೆ ಆರು ಅಥವಾ ಆರರ ಮಡಿ, ಇನ್ನೊಂದು ಗುಂಪಿಗೆ ಎಂಟು. ಈ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಉತ್ತರ ಎರಡು ಬಂದರೆ? ಅದನ್ನು ದ್ವಿಅರೀಯ ಸಮಮಿತಿ ಅನ್ನುತ್ತಾರೆ. ಟೀನೊಫೋರಗಳಲ್ಲಿ ಪ್ಲೂರೊಬ್ರಾಕಿಯ ಅಂತ ಒಂದಿದೆ. ಮೈಮೇಲೆ ಬಾಚಣಿಗೆಯಂಥ ಎಂಟು ಸಾಲು, ಆದರೆ ಉದ್ದನೆಯ ಕರಬಳ್ಳಿ (ಟೆಂಟಕಲ್) ಎರಡೇ. ಎಂಟು ಸಾಲು ಮಾತ್ರ ಎಣಿಸಿದವರು ಮೋಸ ಹೋಗುತ್ತಾರೆ. ಎಲ್ಲಾ ಅಂಗಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.

ಇಂಥ ದೇಹ ಯಾಕೆ? ಒಂದೇ ಕಡೆ ಅಂಟಿಕೊಂಡಿರುವ ಅಥವಾ ನೀರಲ್ಲಿ ಸುಮ್ನೆ ತೇಲುವ ಪ್ರಾಣಿಗೆ ಊಟವೂ ಅಪಾಯವೂ ಯಾವ ದಿಕ್ಕಿನಿಂದ ಬೇಕಾದರೂ ಬರಬಹುದು. ಅದಕ್ಕೆ ಮುಂದೆ, ಹಿಂದೆ ಅಂತ ಇರುವುದಿಲ್ಲ. ಸುತ್ತಲೂ ಒಂದೇ ಥರ ಕಾವಲು ಬೇಕು. ಒಂದೇ ದಿಕ್ಕಿಗೆ ಹರಿದಾಡುವ ಪ್ರಾಣಿಗೆ ಮಾತ್ರ ಮುಂದಿನ ತುದಿಯಲ್ಲಿ ಕಣ್ಣು, ಬಾಯಿ, ಮಿದುಳು ಸೇರಿ ತಲೆ ಆಗುವುದರಿಂದ ಲಾಭ.

ಹಂತ 2: ಸರಿಯಾದ ಕೆರೆ ಆರಿಸಿ

ಹೈಡ್ರಾ ಸಿಗುವುದೂ ಬಿಡುವುದೂ ನೀರಿನ ಮೇಲೆ ನಿಂತಿದೆ. ತಾಮ್ರ, ಸತುವಿನಂಥ ಲೋಹದ ಅಂಶ ಸ್ವಲ್ಪ ಜಾಸ್ತಿಯಾದರೂ ಇದು ತಾಳುವುದಿಲ್ಲ. ಕ್ಲೋರಿನ್ ಹಾಕಿದ ನಲ್ಲಿ ನೀರೂ ಆಗುವುದಿಲ್ಲ. ಹಾಗಾಗಿ ಚರಂಡಿ ನೀರು ಸೇರುವ ಊರೊಳಗಿನ ಕೆರೆ ಬೇಡ. ತುಮಕೂರಿನವರಾದರೆ ದೇವರಾಯನದುರ್ಗದ ತಪ್ಪಲಿನ ಕಡೆ ಹಳ್ಳಿಗಳ ಕೆರೆ, ಕಟ್ಟೆ, ತೋಟದ ಹೊಂಡ ನೋಡಿ. ತಳ ಕಾಣುವಷ್ಟು ತಿಳಿಯಾದ ನೀರು, ನಿಧಾನ ಹರಿವು ಅಥವಾ ನಿಂತ ನೀರು, ಒಳಗೆ ಹೈಡ್ರಿಲ್ಲ ಅನ್ನೋ ನೀರುಗಿಡದಂಥ ಜೊಂಡು, ಮೇಲೆ ನೈದಿಲೆ ಎಲೆ. ಇಷ್ಟಿದ್ದರೆ ಹುಡುಕಲು ಒಳ್ಳೆಯ ಜಾಗ. ಮಳೆಗಾಲ ಮುಗಿದು ಕೆಂಪು ನೀರು ತಿಳಿಯಾದ ಮೇಲೆ, ಅಂದರೆ ನವೆಂಬರ್‌ನಿಂದ ಫೆಬ್ರವರಿವರೆಗಿನ ತಂಪು ದಿನಗಳಲ್ಲಿ ಹೋಗಿ. ಬಿರುಬೇಸಿಗೆಯಲ್ಲಿ ಸಿಗುವುದು ಕಷ್ಟ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ಕೆರೆಗಳಲ್ಲಿ ಹೂಳು ಜಾಸ್ತಿ, ಮಣ್ಣು ತೆಗೆದ ಗುಂಡಿಗಳು ನೀರಿನೊಳಗೆ ಕಾಣುವುದಿಲ್ಲ. ಯಾರೂ ನೀರಿಗೆ ಇಳಿಯಬೇಡಿ. ಕಲ್ಲು ಕ್ವಾರಿಯ ಹೊಂಡದ ಹತ್ತಿರವಂತೂ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ದಡದಲ್ಲಿ ನಿಂತು ಕೋಲಿನಿಂದ ಎಳೆದುಕೊಂಡ ಜೊಂಡು ಸಾಕು. ನಾಮದ ಚಿಲುಮೆಯಂಥ ಅರಣ್ಯದ ಜಾಗದಲ್ಲಿ ಏನನ್ನೂ ಎತ್ತಬೇಡಿ. ಕುಡಿಯುವ ನೀರಿನ ಕೆರೆಗಳನ್ನೂ ಬಿಟ್ಟುಬಿಡಿ.

ಒಂದು ಹಿಡಿ ಜೊಂಡನ್ನು ಕಿತ್ತು ಹಿಂಡದೆ, ಅದೇ ಕೆರೆಯ ನೀರಿನ ಜೊತೆ ಬಾಟಲಿಗೆ ಹಾಕಿ. ಗಿಡ ತುಂಬಿ ತುಳುಕುವ ಹಾಗೆ ತುರುಕಬೇಡಿ, ರಾತ್ರಿ ಹೊತ್ತಿಗೆ ಆಮ್ಲಜನಕ ಸಾಲದೆ ಎಲ್ಲ ಸಾಯುತ್ತವೆ. ಅರ್ಧ ಬಾಟಲಿ ಗಿಡ, ಮುಚ್ಚಳ ಸಡಿಲ. ಇನ್ನೊಂದು ಬಾಟಲಿಯಲ್ಲಿ ಬರೀ ಕೆರೆ ನೀರು ತನ್ನಿ, ಆಮೇಲೆ ನೀರು ಬದಲಿಸಲು ಬೇಕಾಗುತ್ತದೆ.

ಮನೆಯಲ್ಲಿ ಬಾಟಲಿಯನ್ನು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಡಿ. ಒಂದು ರಾತ್ರಿ ಅಲುಗಾಡಿಸಬೇಡಿ. ಹೈಡ್ರಾ ಬೆಳಕಿನ ಕಡೆಗೆ ಸರಿಯುತ್ತದೆ. ಬೆಳಗ್ಗೆ ಕಿಟಕಿಯ ಕಡೆಯ ಗಾಜನ್ನು ನೋಡಿ. ತಂದ ತಕ್ಷಣ ಹುಡುಕಿದರೆ ಏನೂ ಕಾಣುವುದಿಲ್ಲ, ಯಾಕೆಂದರೆ ಅಲುಗಾಟಕ್ಕೆ ಅದು ಸಾಸಿವೆಗಿಂತ ಚಿಕ್ಕ ಚುಕ್ಕೆಯಾಗಿ ಮುದುಡಿರುತ್ತದೆ. ತಾಳ್ಮೆ ಬೇಕು ಅಷ್ಟೇ. ಮನೆಯಲ್ಲಿ ಅಕ್ವೇರಿಯಂ ಇದ್ದರೆ ಅದರ ಗಾಜನ್ನೂ ನೋಡಿ. ಅಂಗಡಿಯಿಂದ ತಂದ ಗಿಡದ ಜೊತೆ ಹೈಡ್ರಾ ಎಷ್ಟೋ ಸಲ ತಾನಾಗಿ ಬಂದಿರುತ್ತದೆ.

ಹಂತ 3: ಹೈಡ್ರಾ ಥರ ಕಾಣುವ ಬೇರೆ ಜೀವಿಗಳನ್ನು ಬೇರ್ಪಡಿಸಿ

ಇಲ್ಲಿಂದಲೇ ವರ್ಗೀಕರಣ ಶುರು. ಅದೇ ಬಾಟಲಿಯಲ್ಲಿ ದುಂಡನೆಯ, ಕಿರೀಟದಂಥ, ಗಂಟೆಯಂಥ ಜೀವಿಗಳು ಇನ್ನೂ ಇರುತ್ತವೆ.

ವಾರ್ಟಿಸೆಲ್ಲ: ಗಂಟೆಯಾಕಾರ, ಕೆಳಗೆ ದಾರದಂಥ ಕಾಂಡ. ಮುಟ್ಟಿದರೆ ಕಾಂಡ ಸ್ಪ್ರಿಂಗ್ ಥರ ಸುತ್ತಿಕೊಳ್ಳುತ್ತದೆ. ಇದು ಏಕಕೋಶಜೀವಿ, ಪ್ರಾಣಿಯೇ ಅಲ್ಲ. ಇಲ್ಲಿ ಸಮಮಿತಿಯ ಪ್ರಶ್ನೆಯನ್ನೇ ಪಕ್ಕಕ್ಕಿಡಿ.

ಬ್ರಯೊಜೋವ: ಪ್ಲುಮಟೆಲ್ಲ ಅನ್ನೋದು ಕಡ್ಡಿ, ಕಲ್ಲಿನ ಮೇಲೆ ಕಂದು ಬಣ್ಣದ ಕವಲು ಕೊಳವೆಗಳಾಗಿ ಹಬ್ಬುತ್ತದೆ. ಕೊಳವೆಯ ತುದಿಯಿಂದ ಕರಬಳ್ಳಿಗಳ ಕಿರೀಟ ಹೊರಬರುತ್ತದೆ. ಎಂಥವರಿಗೂ ಹೈಡ್ರಾ ಅನ್ನಿಸುತ್ತದೆ. ಭೂತಗನ್ನಡಿಯಲ್ಲಿ ಸರಿಯಾಗಿ ನೋಡಿ. ಕರಬಳ್ಳಿಗಳು ಪೂರ್ತಿ ವೃತ್ತದಲ್ಲಿಲ್ಲ, ಲಾಳದಾಕಾರದಲ್ಲಿವೆ. ಒಳಗೆ ಕರುಳು ಇಂಗ್ಲಿಷಿನ 'ಯು' ಅಕ್ಷರದಂತೆ ಬಾಗಿದೆ, ಬಾಯಿ ಬೇರೆ, ಗುದ ಬೇರೆ. ಇದು ದ್ವಿಪಾರ್ಶ್ವ ಪ್ರಾಣಿ. ಒಂದೇ ಜಾಗದಲ್ಲಿ ಅಂಟಿಕೊಂಡು ಬದುಕುವುದರಿಂದ ಮೇಲ್ನೋಟಕ್ಕೆ ದುಂಡಗೆ ಕಾಣುತ್ತದೆ.

ಸಿಹಿನೀರಿನ ಸ್ಪಂಜು: ಮುಳುಗಿದ ಕಲ್ಲು, ಕೊಂಬೆಯ ಮೇಲೆ ಹಸಿರು ಅಥವಾ ಬೂದು ಬಣ್ಣದ ಒರಟು ಪದರ. ಇದಕ್ಕೆ ನಿಶ್ಚಿತ ಆಕಾರವೇ ಇಲ್ಲ. ಸಮುದ್ರದಲ್ಲಿ ಹೂದಾನಿಯಂತೆ ದುಂಡಗಿರುವ ಸ್ಪಂಜುಗಳೂ ಇವೆ. ಆದರೆ ಸ್ಪಂಜಿನಲ್ಲಿ ನಿಜವಾದ ಅಂಗಾಂಶವಿಲ್ಲ, ಬಾಯಿಯಿಲ್ಲ. ಅದಕ್ಕೇ ಅವನ್ನು ಬೇರೆ ವಂಶದಲ್ಲಿ (ಫೈಲಮ್) ಇಡುತ್ತಾರೆ.

ಇನ್ನೊಂದು ಅಪರೂಪದ ಸಾಧ್ಯತೆ ಇದೆ: ಸಿಹಿನೀರಿನ ಲೋಳೆಮೀನು. ಕ್ರಾಸ್ಪೆಡಕುಸ್ಟ ಅನ್ನೋ ಜಾತಿ 1880ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ನೈದಿಲೆ ತೊಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಅದರ ಮೂಲ ಚೀನಾದ ಯಾಂಗ್ಟ್ಸಿ ನದಿ. ಈಗ ಭಾರತವೂ ಸೇರಿ ಬಹಳ ದೇಶಗಳಲ್ಲಿದೆ. ನಾಣ್ಯದಷ್ಟಗಲ, ಗಾಜಿನಷ್ಟು ತೆಳು, ಹಳೆಯ ಕ್ವಾರಿ ಹೊಂಡಗಳಲ್ಲೂ ಕಾಣಿಸಿಕೊಳ್ಳುತ್ತದೆ. ಪಶ್ಚಿಮ ಘಟ್ಟದ ಕೃಷ್ಣಾ ನದಿಯ ಮೂಲದ ಕಡೆಯಿಂದ ಲಿಮ್ನೊಕ್ನಿಡ ಇಂಡಿಕ ಅನ್ನೋ ಇನ್ನೊಂದು ಸಿಹಿನೀರಿನ ಲೋಳೆಮೀನನ್ನು ನೆಲ್ಸನ್ ಅನ್ನಂಡೇಲ್ ವಿವರಿಸಿದ್ದರು. 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೊದಲ ನಿರ್ದೇಶಕರು ಇವರೇ. ಇಂಥದ್ದು ಕಂಡರೆ ಫೋಟೊ, ವಿಡಿಯೊ ತೆಗೆದು, ಜಾಗ ಮತ್ತು ದಿನಾಂಕದ ಜೊತೆ ಜೀವಿಗಳ ದಾಖಲೆ ಇಡುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ. ಅಂಥ ಒಂದು ದಾಖಲೆಗೆ ನಿಜಕ್ಕೂ ಬೆಲೆಯಿದೆ.

ಹಂತ 4: ಹೈಡ್ರಾವನ್ನು ಹತ್ತಿರದಿಂದ ನೋಡಿ

ಗಾಜಿಗೆ ಅಂಟಿದ ಒಂದು ಹೈಡ್ರಾವನ್ನು ಡ್ರಾಪರ್‌ನಿಂದ ಮೆಲ್ಲಗೆ ಎಬ್ಬಿಸಿ, ಚಿಕ್ಕ ಗಾಜಿನ ತಟ್ಟೆಗೆ ಕೆರೆ ನೀರಿನ ಜೊತೆ ಬಿಡಿ. ಕೆಳಗೆ ಕಪ್ಪು ಕಾಗದ ಇಟ್ಟು ಪಕ್ಕದಿಂದ ಬೆಳಕು ಬೀಳಿಸಿ. ಸ್ವಲ್ಪ ಹೊತ್ತಿನಲ್ಲಿ ಅದು ಮೈ ಬಿಚ್ಚುತ್ತದೆ. ದೇಹ ಕೆಲವು ಮಿಲಿಮೀಟರ್ ಉದ್ದದ ಕೊಳವೆ. ಕೆಳಗೆ ಅಂಟುವ ತಟ್ಟೆ, ಮೇಲೆ ಚಿಕ್ಕ ಗುಬುಟು, ಅದರ ಸುತ್ತ ಕರಬಳ್ಳಿಗಳು.

ಕರಬಳ್ಳಿಗಳನ್ನು ಎಣಿಸಿ. ಐದು ಇರಬಹುದು, ಆರಿರಬಹುದು, ಏಳೂ ಇರಬಹುದು. ಪಕ್ಕದ ಹೈಡ್ರಾದಲ್ಲಿ ಬೇರೆ ಸಂಖ್ಯೆ ಇರಬಹುದು. ನಕ್ಷತ್ರ ಮೀನಿನ ಐದರಂತೆ ಇದು ಕಟ್ಟುನಿಟ್ಟಿನ ಲೆಕ್ಕ ಅಲ್ಲ. ಈ ವ್ಯತ್ಯಾಸವೇ 1740ರ ಸುಮಾರಿಗೆ ನಿಸರ್ಗ ವಿಜ್ಞಾನಿ ಅಬ್ರಹಾಂ ಟ್ರೆಂಬ್ಲೆ ಅವರನ್ನು ಯೋಚನೆಗೆ ಹಚ್ಚಿತು. ತೋಳುಗಳ ಸಂಖ್ಯೆ ಒಂದೇ ಇಲ್ಲ, ಗಿಡದ ಕವಲಿನ ಹಾಗೆ ಹೆಚ್ಚುಕಮ್ಮಿ ಇದೆ, ಹಾಗಾದರೆ ಇದು ಗಿಡವೋ ಪ್ರಾಣಿಯೋ? ಕತ್ತರಿಸಿ ನೋಡಿದರು. ಎರಡು ತುಂಡೂ ಪೂರ್ತಿ ಹೈಡ್ರಾ ಆಗಿ ಬೆಳೆದವು. ಅದು ಗಿಡದ ಗುಣ. ಆದರೆ ಅದು ನಡೆಯುತ್ತಿತ್ತು, ಬೇಟೆ ಹಿಡಿದು ತಿನ್ನುತ್ತಿತ್ತು. ಕೊನೆಗೆ ಪ್ರಾಣಿ ಅಂತಲೇ ತೀರ್ಮಾನಿಸಿ 1744ರಲ್ಲಿ ಎಲ್ಲವನ್ನೂ ಪುಸ್ತಕವಾಗಿ ಪ್ರಕಟಿಸಿದರು. ಹೊರಗಿನ ಆಕಾರ ನೋಡಿ ತೀರ್ಪು ಕೊಡದೆ, ಜೀವಿ ಏನು ಮಾಡುತ್ತದೆ ಅಂತ ಪರೀಕ್ಷಿಸಿ ನೋಡಿದ್ದಕ್ಕೆ ನನಗೆ ಟ್ರೆಂಬ್ಲೆ ಮೇಲೆ ತುಂಬಾ ಗೌರವ.

ಈಗ ಊಟ ಹಾಕಿ. ಅದೇ ಬಾಟಲಿಯಲ್ಲಿ ನೆಗೆಯುತ್ತಾ ಈಜುವ ಡಾಫ್ನಿಯ ಅಥವಾ ಸೈಕ್ಲೋಪ್ಸ್ ಒಂದನ್ನು ಡ್ರಾಪರ್‌ನಲ್ಲಿ ತೆಗೆದು ಹತ್ತಿರ ಬಿಡಿ. ಕರಬಳ್ಳಿಗೆ ತಗುಲಿದ ಕ್ಷಣದಲ್ಲೇ ಅದು ಸಿಕ್ಕಿಬೀಳುತ್ತದೆ, ಒದ್ದಾಡುತ್ತದೆ, ನಿಧಾನವಾಗಿ ಸುಮ್ಮನಾಗುತ್ತದೆ. ಕರಬಳ್ಳಿಯ ಮೇಲಿನ ಗಂಟುಗಳಲ್ಲಿ ಕುಟುಕುಕಣಗಳಿವೆ. ಒಂದೊಂದರ ಒಳಗೂ ಸುರುಳಿ ಸುತ್ತಿದ ಟೊಳ್ಳು ದಾರ. ಹೈಡ್ರಾದ ಚುಚ್ಚುವ ಕುಟುಕುಕಣದ ಮುಳ್ಳು ಹೊರಗೆ ಹಾರಲು ತೆಗೆದುಕೊಳ್ಳುವ ಸಮಯ ಸುಮಾರು 700 ನ್ಯಾನೊಸೆಕೆಂಡ್. ಜೀವಲೋಕದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಬೇಟೆಯ ಗಾಯದಿಂದ ಗ್ಲುಟಾಥಿಯೋನ್ ಅನ್ನೋ ರಾಸಾಯನಿಕ ಸೋರುತ್ತದೆ. ಆ ಸುಳಿವಿಗೆ ಹೈಡ್ರಾ ಬಾಯಿ ತೆರೆಯುತ್ತದೆ. ಅದಕ್ಕೆ ಸದಾ ತೆರೆದಿರುವ ಬಾಯಿ ಇಲ್ಲ. ಪ್ರತಿ ಸಲವೂ ಮುಚ್ಚಿಹೋಗಿರುವ ಚರ್ಮವನ್ನು ಬಿರಿದು ಬಾಯಿ ಮಾಡಿಕೊಳ್ಳುತ್ತದೆ! ಜೀರ್ಣವಾಗದೆ ಉಳಿದದ್ದು ಅದೇ ಬಾಯಿಂದ ಹೊರಗೆ ಬರುತ್ತದೆ.

ಪಕ್ಕದಲ್ಲಿ ಮೊಗ್ಗು ಇದೆಯಾ ನೋಡಿ. ಚೆನ್ನಾಗಿ ಊಟ ಸಿಕ್ಕ ಹೈಡ್ರಾದ ಮೈಯಿಂದ ಮರಿ ಕವಲೊಡೆದು, ಕರಬಳ್ಳಿ ಬಂದ ಮೇಲೆ ಕಳಚಿಕೊಳ್ಳುತ್ತದೆ. ಮೊಗ್ಗಿರುವ ಹೈಡ್ರಾ ಸೀಳುವ ಪರೀಕ್ಷೆಯಲ್ಲಿ ಕಟ್ಟುನಿಟ್ಟಾಗಿ ಪಾಸಾಗುವುದಿಲ್ಲ, ಅಲ್ವಾ? ಜೀವಿಗಳ ಸಮಮಿತಿ ಅಂದರೆ ಜ್ಯಾಮಿತಿಯ ಲೆಕ್ಕ ಅಲ್ಲ, ದೇಹದ ಮೂಲ ವಿನ್ಯಾಸ. ಕಂಡದ್ದನ್ನು ಹಾಗೇ ಚಿತ್ರ ಬರೆಯಿರಿ. ಪುಸ್ತಕದ ಚಿತ್ರವನ್ನು ನಕಲು ಮಾಡಬೇಡಿ.

ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಬಹಳ ಕಾಲದಿಂದ ಹೈಡ್ರಾ ಮೇಲೆ ಕೆಲಸ ನಡೆದಿದೆ. ಕಳೆದುಹೋದ ಅಂಗ ಮತ್ತೆ ಬೆಳೆಯುವುದು ಹೇಗೆ ಅಂತ ತಿಳಿಯಲು ಇಷ್ಟು ಚಿಕ್ಕ ಪ್ರಾಣಿ ಅಷ್ಟು ದೊಡ್ಡ ಸಹಾಯ ಮಾಡುತ್ತಿದೆ.

ಹಂತ 5: ವಂಶ ತೀರ್ಮಾನಿಸುವ ಪ್ರಶ್ನೆಗಳು

ಪ್ರಾಣಿ ಅರೀಯ ಸಮಮಿತಿಯದ್ದು ಅಂತ ಗೊತ್ತಾಯಿತು. ಮುಂದೇನು? ಹಿಂದೆ ಇಲ್ಲಿಗೇ ನಿಲ್ಲಿಸುತ್ತಿದ್ದರು. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕುವಿಯೇ 1812ರಲ್ಲಿ ಇಡೀ ಪ್ರಾಣಿಲೋಕವನ್ನು ನಾಲ್ಕು ದೊಡ್ಡ ಗುಂಪು ಮಾಡಿದಾಗ ಒಂದಕ್ಕೆ ರೇಡಿಯೇಟ ಅಂತ ಹೆಸರಿಟ್ಟರು. ಲೋಳೆಮೀನು, ಹವಳ, ನಕ್ಷತ್ರ ಮೀನು ಎಲ್ಲ ಅದರೊಳಗೆ. 1840ರ ದಶಕದ ಕೊನೆಯಲ್ಲಿ ರುಡಾಲ್ಫ್ ಲಾಯ್ಕಾರ್ಟ್ ಅದನ್ನು ಒಡೆದರು. ಒಂದೇ ಕುಹರವಿರುವವು ಸೀಲೆಂಟರೇಟ, ಮುಳ್ಳುಚರ್ಮದವು ಬೇರೆ. 1888ರಲ್ಲಿ ಬರ್ಟೋಲ್ಡ್ ಹಾಟ್ಶೆಕ್ ಸೀಲೆಂಟರೇಟವನ್ನೂ ಒಡೆದು ಸ್ಪಂಜು, ನಿಡೇರಿಯ, ಟೀನೊಫೋರ ಅಂತ ಬೇರೆ ಮಾಡಿದರು. ಕಾಲೇಜಿನ ಜಾಡಿಗಳ ಮೇಲೆ ಇವತ್ತಿಗೂ ಸೀಲೆಂಟರೇಟ ಅನ್ನೋ ಹಳೆಯ ಚೀಟಿ ಇರುತ್ತದೆ. ಅದನ್ನು ಓದುವಾಗ ನಿಡೇರಿಯ ಅಂದುಕೊಳ್ಳಿ.

ಕೇಳಬೇಕಾದ ಪ್ರಶ್ನೆಗಳನ್ನು ಈ ಕ್ರಮದಲ್ಲಿ ಕೇಳಿ.

ಮೊದಲು, ದೇಹ ಎಷ್ಟು ಪದರದ್ದು? ಹೊರಪದರ, ಒಳಪದರ, ಮಧ್ಯೆ ಲೋಳೆ, ಇಷ್ಟೇ ಇದ್ದರೆ ನಿಡೇರಿಯ ಅಥವಾ ಟೀನೊಫೋರದ ಕಡೆ ಹೋಗಿ. ಮೂರು ಪದರ, ಒಳಗೆ ದೇಹಕುಹರ, ಬೇರೆ ಕರುಳು ಇದ್ದರೆ ಕಂಟಕಚರ್ಮಿಗಳ ಕಡೆ.

ಆಮೇಲೆ, ಬೇಟೆ ಹಿಡಿಯುವುದು ಯಾವುದರಿಂದ? ಕುಟುಕುಕಣ ಸ್ವಂತದ್ದಾಗಿದ್ದರೆ ನಿಡೇರಿಯ. ಅಂಟು ಜೀವಕೋಶ ಮತ್ತು ಮೈಮೇಲೆ ಎಂಟು ಬಾಚಣಿಗೆ ಸಾಲು ಇದ್ದರೆ ಟೀನೊಫೋರ. 'ಸ್ವಂತದ್ದು' ಅಂತ ಯಾಕೆ ಹೇಳಿದೆ ಅಂದರೆ, ಹೆಕೇಲಿಯ ಅನ್ನೋ ಟೀನೊಫೋರ ಚಿಕ್ಕ ಲೋಳೆಮೀನುಗಳನ್ನು ತಿಂದು ಅವುಗಳ ಕುಟುಕುಕಣಗಳನ್ನು ತನ್ನ ಕರಬಳ್ಳಿಗೆ ಸೇರಿಸಿಕೊಳ್ಳುತ್ತದೆ. ಒಂದೇ ಲಕ್ಷಣ ನಂಬಿ ಕೂರಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮೂರನೆಯದು, ಮರಿ ಹೇಗಿದೆ? ಈ ಪ್ರಶ್ನೆಯನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ, ಆದರೆ ತೂಕ ಇರುವುದು ಇದರಲ್ಲೇ. ನಕ್ಷತ್ರ ಮೀನಿನ ಲಾರ್ವ ಎಡ-ಬಲ ಸ್ಪಷ್ಟವಾಗಿರುವ ದ್ವಿಪಾರ್ಶ್ವ ಜೀವಿ. ನೀರಲ್ಲಿ ಈಜಾಡಿ, ಆಮೇಲೆ ರೂಪಾಂತರ ಹೊಂದಿ ಐದರ ವಿನ್ಯಾಸಕ್ಕೆ ಬರುತ್ತದೆ. ಅಂದರೆ ಅದರ ದುಂಡುತನ ಆಮೇಲೆ ಬಂದದ್ದು. ಅದರ ಭ್ರೂಣದಲ್ಲಿ ಮೊದಲು ಮೂಡುವ ರಂಧ್ರ ಗುದವಾಗುತ್ತದೆ, ಬಾಯಿ ಆಮೇಲೆ ಬರುತ್ತದೆ. ಬೆನ್ನೆಲುಬಿನ ಪ್ರಾಣಿಗಳಲ್ಲೂ ಹೀಗೇ. ಡಿಎನ್‌ಎ ಹೋಲಿಕೆಯೂ ಇದನ್ನೇ ಹೇಳುತ್ತದೆ. ಹಾಗಾಗಿ ನಕ್ಷತ್ರ ಮೀನು ನಮ್ಮ ಕಡೆಯ ಕವಲು.

ನಾಲ್ಕನೆಯದು ಡಿಎನ್‌ಎ. ಇದು ನಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ, ಆದರೆ ಫಲಿತಾಂಶ ಗೊತ್ತಿರಬೇಕು. 2023ರಲ್ಲಿ ಕ್ರೋಮೊಸೋಮುಗಳ ಮೇಲೆ ಜೀನ್‌ಗಳ ಜೋಡಣೆ ಹೋಲಿಸಿದ ಅಧ್ಯಯನವೊಂದು, ಪ್ರಾಣಿಗಳ ಮರದಲ್ಲಿ ಎಲ್ಲಕ್ಕಿಂತ ಮೊದಲು ಬೇರೆಯಾದ ಕವಲು ಟೀನೊಫೋರ ಅಂದಿತು. ಸ್ಪಂಜೇ ಮೊದಲು ಅನ್ನುವವರೂ ಇದ್ದಾರೆ, ಚರ್ಚೆ ನಡೆಯುತ್ತಿದೆ. ಯಾವುದು ಗೆದ್ದರೂ ಟೀನೊಫೋರವೂ ನಿಡೇರಿಯವೂ ಅಕ್ಕಪಕ್ಕದ ಕವಲು ಅನ್ನೋ ಹಳೆಯ ನಂಬಿಕೆಗೆ ಬಲ ಕಡಿಮೆ.

ನಿಡೇರಿಯದಲ್ಲೂ ಅಚ್ಚರಿ ಇದೆ. ನೆಮಟೊಸ್ಟೆಲ್ಲ ಅನ್ನೋ ಕಡಲ ಹೂವಿನ (ಸೀ ಅನಿಮೊನಿ) ಗಂಟಲಲ್ಲಿ ಒಂದು ಕಡೆ ಮಾತ್ರ ತೋಡು ಇದೆ. ನಮ್ಮ ದೇಹದ ದಿಕ್ಕುಗಳನ್ನು ನಿರ್ಧರಿಸುವ ಜೀನ್‌ಗಳ ಬಳಗದವೇ ಅದರ ಭ್ರೂಣದಲ್ಲೂ ಒಂದು ಪಕ್ಕ ಹೆಚ್ಚು, ಇನ್ನೊಂದು ಪಕ್ಕ ಕಡಿಮೆ ಕೆಲಸ ಮಾಡುತ್ತವೆ ಅಂತ 2004ರಲ್ಲಿ ತಿಳಿಯಿತು. ಹಾಗಾಗಿ ಹೊರಗೆ ದುಂಡಗಿರುವ ಪ್ರಾಣಿಯ ಒಳಗೆ ಎಡ-ಬಲದ ಹಳೆಯ ಸುಳಿವು ಇರಬಹುದು.

ಹಂತ 6: ನಿಡೇರಿಯದೊಳಗೆ ವರ್ಗ ಕಂಡುಹಿಡಿಯಿರಿ

ನಿಡೇರಿಯದಲ್ಲಿ ಸುಮಾರು 11,000 ಪ್ರಭೇದಗಳಿವೆ. ಇಲ್ಲಿ ಎರಡು ದೇಹರೂಪ ನೆನಪಿಡಿ. ಅಂಟಿಕೊಂಡು ಬಾಯಿ ಮೇಲೆ ಮಾಡಿರುವುದು ಪಾಲಿಪ್, ಬಾಯಿ ಕೆಳಗೆ ಮಾಡಿ ಈಜುವುದು ಮೆಡುಸ.

ಜೀವನಪೂರ್ತಿ ಪಾಲಿಪ್ ಆಗಿಯೇ ಇದ್ದು, ಗಂಟಲ ಕೊಳವೆಯೂ ಒಳಗೆ ಅಡ್ಡಗೋಡೆಗಳೂ ಇದ್ದರೆ ಆಂಥೊಜೋವ. ಕಡಲ ಹೂ, ಹವಳ, ಪೆನ್ನಾಟುಲ, ಗೊರ್ಗೋನಿಯ ಎಲ್ಲ ಇದರಲ್ಲೇ. ಹಂತ 1ರ ಸಂಖ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಗರಿಯಂಥ ಎಂಟು ಕರಬಳ್ಳಿ ಇದ್ದರೆ ಒಂದು ಉಪವರ್ಗ, ಆರರ ಲೆಕ್ಕದ ಸಾದಾ ಕರಬಳ್ಳಿ ಇದ್ದರೆ ಇನ್ನೊಂದು. ದೊಡ್ಡ ಮೆಡುಸವೇ ಮುಖ್ಯವಾಗಿದ್ದು, ಪಾಲಿಪ್ ಅಡ್ಡಡ್ಡ ಹೋಳಾಗಿ ಮರಿ ಬಿಡುವುದಾದರೆ ಸ್ಕೈಫೊಜೋವ, ಅಂದರೆ ಔರೇಲಿಯದ ವರ್ಗ. ಗಂಟೆ ಚೌಕಾಕಾರವಾಗಿದ್ದರೆ ಕ್ಯೂಬೊಜೋವ. ಇವುಗಳಲ್ಲಿ ಟ್ರೈಪಿಡೇಲಿಯ ಅನ್ನೋದಕ್ಕೆ 24 ಕಣ್ಣು! ಕಾಂಡದ ಮೇಲೆ ಕೂತೇ ಇರುವ ಮೆಡುಸದಂಥವು ಸ್ಟಾರೊಜೋವ.

ಉಳಿದದ್ದು ಹೈಡ್ರೊಜೋವ. ಹೈಡ್ರಾಕ್ಕೆ ಮೆಡುಸ ಹಂತವೇ ಇಲ್ಲ. ಹಾಗಾದರೆ ಆಂಥೊಜೋವಕ್ಕೆ ಯಾಕೆ ಸೇರಿಸಬಾರದು? ಮಕ್ಕಳು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಒಳಗಿದೆ. ಹೈಡ್ರಾದಲ್ಲಿ ಗಂಟಲ ಕೊಳವೆ ಇಲ್ಲ, ಅಡ್ಡಗೋಡೆ ಇಲ್ಲ, ಜನನಾಂಗಗಳು ಹೊರಪದರದಲ್ಲಿ ಮೂಡುತ್ತವೆ. ಇನ್ನೂ ಒಳಗೆ ಹೋದರೆ, ಆಂಥೊಜೋವಗಳ ಮೈಟೊಕಾಂಡ್ರಿಯದ ಡಿಎನ್‌ಎ ಉಂಗುರದಂತಿದೆ, ಹೈಡ್ರಾ ಮತ್ತು ಲೋಳೆಮೀನುಗಳಲ್ಲಿ ನೇರ ದಾರದಂತಿದೆ. ಹೈಡ್ರಾದ ಪೂರ್ವಜರಿಗೆ ಮೆಡುಸ ಇತ್ತು, ಆಮೇಲೆ ಕಳೆದುಹೋಯಿತು ಅನ್ನೋದು ತಜ್ಞರ ತೀರ್ಮಾನ. ಕಡಲಲ್ಲಿ ನೀಲಿ ಗುಳ್ಳೆಯಂತೆ ತೇಲುವ ಫೈಸೇಲಿಯ ಕೂಡ ಹೈಡ್ರೊಜೋವವೇ. ಲೋಳೆಮೀನಿನ ಥರ ಕಂಡರೂ ಅದು ಒಂದು ಪ್ರಾಣಿಯಲ್ಲ, ಬೇರೆ ಬೇರೆ ಕೆಲಸ ಹಂಚಿಕೊಂಡ ಹಲವು ಜೀವಿಗಳ ವಸಾಹತು.

ನಮ್ಮ ಕೆರೆಗಳಲ್ಲಿ ಮೀನು ಸಾಕುವವರಿಗೆ ಗೊತ್ತಿರುವ ಒಂದು ನಿಡೇರಿಯ ಇದೆ, ಆದರೆ ಅದು ನಿಡೇರಿಯ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಕಾಟ್ಲಾ, ರೋಹು ಮೀನಿನ ಕಿವಿರಿನ ಮೇಲೆ ಕೆಲವೊಮ್ಮೆ ಬಿಳಿ ಗುಳ್ಳೆ ಕಾಣುತ್ತದೆ. ಅದು ಮಿಕ್ಸೊಬೋಲಸ್ ಅನ್ನೋ ಪರಾವಲಂಬಿಯ ಮನೆ ಇರಬಹುದು. ಕೆಲವೇ ಜೀವಕೋಶಗಳ ಸೂಕ್ಷ್ಮ ಬೀಜಾಣು. ಬಾಯಿಯಿಲ್ಲ, ಕರಬಳ್ಳಿಯಿಲ್ಲ, ಚಕ್ರದ ವಿನ್ಯಾಸವೂ ಇಲ್ಲ. ಬಹಳ ಕಾಲ ಇವನ್ನು ಪ್ರೊಟೊಜೋವ ಅಂದುಕೊಂಡಿದ್ದರು. ಆದರೆ ಬೀಜಾಣುವಿನೊಳಗೆ ಸುರುಳಿ ದಾರದ ಚೀಲಗಳಿವೆ, ಅವು ಕುಟುಕುಕಣಗಳೇ. ಡಿಎನ್‌ಎ ಅದನ್ನು ಖಚಿತ ಮಾಡಿತು. ಮಿಕ್ಸೊಜೋವ ಈಗ ನಿಡೇರಿಯದೊಳಗಿನ ಗುಂಪು. ಅರೀಯ ಸಮಮಿತಿ ಪೂರ್ತಿ ಕಳೆದುಹೋದರೂ ವಂಶ ಬದಲಾಗಲಿಲ್ಲ.

ಹಂತ 7: ಲ್ಯಾಬಿನ ಜಾಡಿಯಿಂದ ನಕ್ಷತ್ರ ಮೀನು ತೆಗೆಸಿ

ಪಿಯು ಕಾಲೇಜಿನ ಲ್ಯಾಬಿನಲ್ಲಿ ನಕ್ಷತ್ರ ಮೀನಿನ ಒಂದು ಜಾಡಿ ಇದ್ದೇ ಇರುತ್ತದೆ. ಜಾಡಿಯೊಳಗೇ ತಿರುಗಿಸಿ ನೋಡಿದರೂ ಆಯಿತು, ಉಪನ್ಯಾಸಕರು ತೆಗೆದುಕೊಟ್ಟರೆ ಗ್ಲೌಸ್ ಹಾಕಿ ತಟ್ಟೆಯಲ್ಲಿಟ್ಟು ನೋಡಿ. ಕೆಳಮುಖದ ನಡುವೆ ಬಾಯಿ. ಅಲ್ಲಿಂದ ಒಂದೊಂದು ತೋಳಿಗೂ ಒಂದು ತೋಡು, ಅದರಲ್ಲಿ ಸಾಲು ಸಾಲು ನಾಳಪಾದಗಳು. ನೀರಿನ ಒತ್ತಡದಿಂದ ಕೆಲಸ ಮಾಡುವ ಈ ನಾಳಪಾದಗಳು ಕಂಟಕಚರ್ಮಿಗಳ ಗುರುತು.

ಈಗ ಮೇಲ್ಮುಖ ನೋಡಿ. ಎರಡು ತೋಳುಗಳ ನಡುವೆ, ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಗುಂಡಿಯಂಥ ಒಂದು ಚಿಕ್ಕ ಬಿಲ್ಲೆ ಇದೆ. ಅದರ ಹೆಸರು ಮ್ಯಾಡ್ರಿಪೊರೈಟ್, ನೀರಿನ ನಾಳಗಳ ವ್ಯವಸ್ಥೆಗೆ ಹೊರಗಿನ ದ್ವಾರ. ಇದು ಐದು ಕಡೆ ಇಲ್ಲ, ಒಂದೇ ಕಡೆ ಇದೆ. ಸೀಳುವ ಪರೀಕ್ಷೆಯನ್ನು ಈಗ ಮತ್ತೆ ಮಾಡಿ. ಈ ಬಿಲ್ಲೆಯ ಮೂಲಕ ಸೀಳಿದರೆ ಮಾತ್ರ ಎರಡು ಸಮಭಾಗ! ಐದರ ಸಮಮಿತಿಯೊಳಗೆ ಒಂದೇ ಗೆರೆ ಉಳಿಯುತ್ತದೆ. ನನ್ನ ಪ್ರಕಾರ ಇಡೀ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಾಕ್ಟಿಕಲ್ ಇಲ್ಲ, ಮತ್ತು ಇದಕ್ಕೆ ಐದು ನಿಮಿಷವೂ ಬೇಡ.

ಬದುಕಿರುವ ಸುಮಾರು 7,000 ಕಂಟಕಚರ್ಮಿ ಪ್ರಭೇದಗಳನ್ನು ಐದು ವರ್ಗ ಮಾಡಿದ್ದಾರೆ. ದಪ್ಪ ತೋಳಿನ ನಕ್ಷತ್ರ ಮೀನು, ಹಾವಿನ ಬಾಲದಂಥ ತೋಳಿರುವ ಒಫಿಯುರ, ಮುಳ್ಳುಚೆಂಡು, ಸಮುದ್ರ ಸೌತೆ, ಗರಿಗರಿಯ ಕಡಲ ಲಿಲ್ಲಿ. ಇವುಗಳಲ್ಲಿ ಸಮುದ್ರ ಸೌತೆ ಪಕ್ಕಕ್ಕೆ ಮಲಗಿ ಬದುಕಲು ಹೊರಟು ಮತ್ತೆ ಅರ್ಧ ದ್ವಿಪಾರ್ಶ್ವವಾಗಿದೆ. ಮರಳೊಳಗೆ ಕೊರೆದು ಹೋಗುವ ಹೃದಯಾಕಾರದ ಮುಳ್ಳುಚೆಂಡೂ ಹಾಗೆಯೇ. 2023ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ನಕ್ಷತ್ರ ಮೀನಿನ ಹೊರಮೈಯಲ್ಲಿ ತಲೆಯ ಭಾಗ ರೂಪಿಸುವ ಜೀನ್‌ಗಳೇ ಹೆಚ್ಚಾಗಿ ಕೆಲಸ ಮಾಡುತ್ತವೆ, ಮುಂಡದ ಜೀನ್‌ಗಳ ಸುಳಿವು ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ತಿಳಿಯಿತು.

ಕರಾವಳಿಗೆ ಪ್ರವಾಸ ಹೋಗುವ ಅವಕಾಶ ಇದ್ದರೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ಇಳಿತದ ಹೊತ್ತು ನೋಡಿಕೊಳ್ಳಿ. ಆಗ ನೀರು ಬಹಳ ದೂರ ಸರಿದು ಬಂಡೆಗಳ ನಡುವಿನ ಗುಂಡಿಗಳಲ್ಲಿ ಕಡಲ ಹೂಗಳು ಕಾಣುತ್ತವೆ. ದಡಕ್ಕೆ ಬಿದ್ದ ನೀಲಿ ಗುಳ್ಳೆಯಂಥದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸತ್ತ ಫೈಸೇಲಿಯದ ಕುಟುಕುಕಣಗಳೂ ಚುಚ್ಚುತ್ತವೆ. ಹವಳ ಮತ್ತು ಸಮುದ್ರ ಸೌತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನೋಡಿ, ಫೋಟೊ ತೆಗೆಯಿರಿ, ಬ್ಯಾಗಿಗೆ ಹಾಕಿಕೊಳ್ಳಬೇಡಿ.

ಹಂತ 8: ದಾಖಲೆ ಬರೆಯಿರಿ, ಹೈಡ್ರಾ ವಾಪಸ್ ಬಿಡಿ

ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಮೊದಲು ಬರೆಯಿರಿ, ಹೆಸರನ್ನು ಕೊನೆಗೆ. ದಿನಾಂಕ, ಊರು, ನೀರು ತಿಳಿಯಾಗಿತ್ತೋ ಇಲ್ಲವೋ, ಯಾವ ಗಿಡದ ಮೇಲೆ ಸಿಕ್ಕಿತು, ಬಣ್ಣ, ಉದ್ದ, ಕರಬಳ್ಳಿಗಳ ಸಂಖ್ಯೆ, ಮೊಗ್ಗು ಇತ್ತೇ. ಆಮೇಲೆ ವರ್ಗೀಕರಣ: ವಂಶ ನಿಡೇರಿಯ, ವರ್ಗ ಹೈಡ್ರೊಜೋವ, ಗಣ ಆಂಥೊಅಥೆಕೇಟ, ಕುಟುಂಬ ಹೈಡ್ರಿಡೇ, ಜಾತಿ ಹೈಡ್ರಾ. ಪ್ರತಿ ಮೆಟ್ಟಿಲಿನ ಎದುರಿಗೂ 'ಯಾಕೆ' ಅಂತ ಒಂದು ಸಾಲು ಬರೆಯಿರಿ. ಆ ಸಾಲು ಬರೆಯಲು ಆಗದಿದ್ದರೆ ಹಿಂದಿನ ಮೆಟ್ಟಿಲಲ್ಲೇ ನಿಲ್ಲಿಸಿ. ಮೈ ಎದ್ದು ಕಾಣುವ ಹಸಿರಾಗಿದ್ದರೆ ಒಳಗೆ ಪಾಚಿ ಇಟ್ಟುಕೊಂಡು ಬದುಕುವ ಹೈಡ್ರಾ ವಿರಿಡಿಸಿಮ ಅನ್ನಬಹುದು. ಕಂದು ಅಥವಾ ಬಿಳಿಚಿಕೊಂಡಿದ್ದರೆ ಪ್ರಭೇದದ ಹೆಸರು ಬರೆಯುವ ಆತುರ ಬೇಡ. ಅದಕ್ಕೆ ಕುಟುಕುಕಣಗಳ ಆಕಾರ, ಕೆಲವೊಮ್ಮೆ ಡಿಎನ್‌ಎ ಕೂಡ ನೋಡಬೇಕಾಗುತ್ತದೆ.

ಕೆಲವು ದಿನ ಇಟ್ಟುಕೊಳ್ಳುವುದಾದರೆ ದಿನ ಬಿಟ್ಟು ದಿನ ಡಾಫ್ನಿಯ ಕೊಡಿ, ಊಟ ಆದ ಕೆಲವು ಗಂಟೆಗಳ ಮೇಲೆ ನೀರು ಬದಲಿಸಿ. ಉಳಿದ ಆಹಾರ ಕೊಳೆತರೆ ಹೈಡ್ರಾ ಮುದುಡಿ, ಕರಗಿ ಹೋಗುತ್ತದೆ. ಕೆಲಸ ಮುಗಿದ ಮೇಲೆ ತಂದ ಕೆರೆಗೇ ವಾಪಸ್ ಬಿಡಿ, ಬೇರೆ ಕೆರೆಗೆ ಬೇಡ. ಅಕ್ವೇರಿಯಂನಿಂದ ಸಿಕ್ಕಿದ್ದನ್ನು ಮಾತ್ರ ಯಾವ ಕೆರೆಗೂ ಬಿಡಬೇಡಿ, ಆ ಗಿಡ ಯಾವ ದೇಶದ್ದೋ ಏನೋ. ಬಾಟಲಿ, ಡ್ರಾಪರ್ ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ, ಇಲ್ಲದಿದ್ದರೆ ಒಂದು ಕೆರೆಯ ಜೀವಿ, ಅದರ ಮೊಟ್ಟೆ, ಜೊಂಡಿನ ತುಂಡು ಮುಂದಿನ ಸಲ ಇನ್ನೊಂದು ಕೆರೆ ಸೇರುತ್ತದೆ.